ಡಾಟ್‌ನೆಟ್ ಪಬ್ಲಿಶ್: ಆ ಫೋಲ್ಡರ್‌ನಲ್ಲಿ ಬೇಕಾದ್ದೆಷ್ಟು, ಬೇಡದ್ದೆಷ್ಟು

ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆಯಲ್ಲಿ ಬರೆದ ವೆಬ್ ಅಪ್ಲಿಕೇಶನ್‌ಗಳನ್ನು ಸರ್ವರ್‌ಗೆ ಏರಿಸುವ ಕೆಲಸ ನಮ್ಮ ತಂಡದಲ್ಲಿ ನನ್ನದು. ಹಾಗಾಗಿ ‘ಡಾಟ್‌ನೆಟ್ ಪಬ್ಲಿಶ್’ ಅನ್ನುವ ಕಮಾಂಡ್ ಜೊತೆ ನನ್ನ ಒಡನಾಟ ಜಾಸ್ತಿ. ಎಡಿಟರ್, ಡೇಟಾಬೇಸ್, ಫ್ರೇಮ್‌ವರ್ಕ್ ಬಗ್ಗೆ ಎಲ್ಲರೂ ವಿಮರ್ಶೆ ಬರೆಯುತ್ತಾರೆ. ಕೊನೆಗೆ ಗ್ರಾಹಕರ ಕೈಗೆ ಹೋಗುವ ಫೋಲ್ಡರನ್ನು ಕಟ್ಟಿಕೊಡುವ ಈ ಕಮಾಂಡ್ ಬಗ್ಗೆ ಯಾರೂ ಬರೆಯುವುದಿಲ್ಲ. ಅದಕ್ಕೇ ಇದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೆಲಸದಲ್ಲಿ ಇದು ಗಟ್ಟಿ. ಪ್ರಾಜೆಕ್ಟ್ ಓಡಲು ಬೇಕಾದ ಫೈಲನ್ನು ಬಿಟ್ಟುಬರುವುದು ತೀರಾ ಅಪರೂಪ. ಆದರೆ ಏನೇನು ಹಾಕಿದೆ, ಯಾಕೆ ಹಾಕಿದೆ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಕೊನೆಯಲ್ಲಿ ಫೋಲ್ಡರ್ ಎಲ್ಲಿದೆ ಅಂತ ಒಂದು ಸಾಲು ತೋರಿಸುತ್ತದೆ, ಅಷ್ಟೇ. ಫೋಲ್ಡರ್ ತೆರೆದರೆ ನೂರಾರು ಫೈಲು. ಅದರಲ್ಲಿ ಯಾವುದು ನಮ್ಮದು, ಯಾವುದು ಪ್ಯಾಕೇಜಿನದು (ಅಂದರೆ ಬೇರೆಯವರು ಬರೆದಿಟ್ಟ, ನಾವು ಎರವಲು ತಂದ ಕೋಡಿನದು), ಯಾವುದು ಸುಮ್ನೆ ಬಂದು ಕೂತಿದ್ದು? ಇದನ್ನು ನಾವೇ ಕಂಡುಕೊಳ್ಳಬೇಕು. ಕಂಡುಕೊಳ್ಳುವುದು ಕಷ್ಟವೇನಲ್ಲ. ಅಲ್ಲಿರುವ ಪ್ರತಿಯೊಂದು ಫೈಲನ್ನೂ ಯಾರೋ ಒಬ್ಬರು ಕೇಳಿ ಹಾಕಿಸಿದ್ದಾರೆ: ನಮ್ಮ ಪ್ರಾಜೆಕ್ಟ್ ಫೈಲ್, ಯಾವುದೋ ಪ್ಯಾಕೇಜ್, ಇಲ್ಲಾ ಎಸ್‌ಡಿಕೆಯ (ಡಾಟ್‌ನೆಟ್‌ನ ಡೆವಲಪರ್ ಸಲಕರಣೆಗಳ ಕಟ್ಟು) ಡೀಫಾಲ್ಟ್ ನಿಯಮ. ಕೇಳಿದವರು ಯಾರು ಅಂತ ಗೊತ್ತಾದರೆ ಬೇಕೋ ಬೇಡವೋ ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ಚಿಕ್ಕದರಿಂದ ಶುರು ಮಾಡೋಣ. ‘ಆ್ಯಪ್’ ಅಂತ ಹೊಸ ವೆಬ್ ಪ್ರಾಜೆಕ್ಟ್ ಮಾಡಿ, ಒಂದು ಸಾಲೂ ಬರೆಯದೆ ಪಬ್ಲಿಶ್ ಮಾಡಿ. ಆ್ಯಪ್ ಡಿಎಲ್‌ಎಲ್ ಸಿಗುತ್ತದೆ. ಅದೇ ನಮ್ಮ ಕೋಡ್, ಕಂಪೈಲ್ ಆದ ರೂಪದಲ್ಲಿ. ವಿಂಡೋಸ್‌ನಲ್ಲಿ ಆ್ಯಪ್ ಇಎಕ್ಸ್‌ಇ ಕೂಡ ಸಿಗುತ್ತದೆ, ಲಿನಕ್ಸ್‌ನಲ್ಲಿ ಬಾಲವಿಲ್ಲದ ‘ಆ್ಯಪ್’ ಅನ್ನುವ ಫೈಲು. ಇದಕ್ಕೆ ಆ್ಯಪ್‌ಹೋಸ್ಟ್ ಅನ್ನುತ್ತಾರೆ. ಒಳಗೆ ನಮ್ಮ ಕೋಡ್ ಇರುವುದಿಲ್ಲ. ರನ್‌ಟೈಮನ್ನು (ಡಾಟ್‌ನೆಟ್ ಕೋಡನ್ನು ಓಡಿಸುವ ತಂತ್ರಾಂಶ) ಹುಡುಕಿ ಡಿಎಲ್‌ಎಲ್‌ಗೆ ಚಾಲನೆ ಕೊಡುವುದಷ್ಟೇ ಅದರ ಕೆಲಸ. ಕಂಟೇನರ್‌ನಲ್ಲಿ (ಅಪ್ಲಿಕೇಶನ್ ಮತ್ತು ಅದಕ್ಕೆ ಬೇಕಾದ್ದನ್ನು ಒಟ್ಟಿಗೆ ಕಟ್ಟಿದ ಪೊಟ್ಟಣ) ‘ಡಾಟ್‌ನೆಟ್ ಆ್ಯಪ್ ಡಿಎಲ್‌ಎಲ್’ ಅಂತ ನೇರವಾಗಿ ಓಡಿಸುವವರಿಗೆ ಇದು ಬೇಕಾಗಿಲ್ಲ. ‘ಯೂಸ್‌ಆ್ಯಪ್‌ಹೋಸ್ಟ್’ ಅನ್ನು ಫಾಲ್ಸ್ ಮಾಡಿದರೆ ಹೋಗುತ್ತದೆ. ಕಂಟೇನರ್ ಕಟ್ಟಲು ವಿಷುವಲ್ ಸ್ಟುಡಿಯೋ ಮಾಡಿಕೊಡುವ ಡಾಕರ್‌ಫೈಲ್‌ನಲ್ಲೂ ಇದೇ ಸಾಲು ಇರುತ್ತದೆ. ಎಷ್ಟೋ ಜನ ಅದನ್ನು ನೋಡಿದ್ದಾರೆ, ಯಾಕಿದೆ ಅಂತ ಕೇಳಿಕೊಂಡಿಲ್ಲ.

ಇನ್ನು ಎರಡು ಜೇಸನ್ ಫೈಲು: ರನ್‌ಟೈಮ್‌ಕಾನ್ಫಿಗ್ ಮತ್ತು ಡೆಪ್ಸ್. ನೋಡಲು ಎರಡೂ ಬಿಲ್ಡ್‌ನ, ಅಂದರೆ ಕೋಡ್ ಕಂಪೈಲ್ ಮಾಡುವ ಕೆಲಸದ, ಚೂರುಪಾರು ಥರ ಕಾಣುತ್ತವೆ. ಜಾಗ ಉಳಿಸಲು ಹೊರಟವರು ಮೊದಲು ಕೈಹಾಕುವುದೇ ಇವುಗಳ ಮೇಲೆ. ದಯವಿಟ್ಟು ಬೇಡ. ರನ್‌ಟೈಮ್‌ಕಾನ್ಫಿಗ್‌ನಲ್ಲಿ ಯಾವ ಫ್ರೇಮ್‌ವರ್ಕ್, ಯಾವ ಆವೃತ್ತಿ ಬೇಕು ಅಂತ ಬರೆದಿರುತ್ತದೆ. ಅದನ್ನು ತೆಗೆದರೆ ಅಪ್ಲಿಕೇಶನ್ ಶುರು ಮಾಡುವ ಹೋಸ್ಟ್, ಈ ಅಪ್ಲಿಕೇಶನ್ ತನ್ನ ರನ್‌ಟೈಮನ್ನು ತಾನೇ ಹೊತ್ತುಕೊಂಡು ಬಂದಿದೆ ಅಂದುಕೊಳ್ಳುತ್ತದೆ. ಪಕ್ಕದಲ್ಲಿ ‘ಹೋಸ್ಟ್‌ಪಾಲಿಸಿ’ ಲೈಬ್ರರಿ ಹುಡುಕುತ್ತದೆ, ಸಿಗದೆ ನಿಂತುಬಿಡುತ್ತದೆ. ಆ ದೋಷದ ಸಂದೇಶ ಓದಿದವರು ಹೋಸ್ಟ್‌ಪಾಲಿಸಿ ಎಲ್ಲಿ ಸಿಗುತ್ತದೆ ಅಂತ ಹುಡುಕಲು ಹೋಗುತ್ತಾರೆ. ಸಂದೇಶದ ಕೆಳಗಿನ ಸಾಲಿನಲ್ಲಿ ರನ್‌ಟೈಮ್‌ಕಾನ್ಫಿಗ್ ಸಿಗಲಿಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಅಲ್ಲಿಯ ತನಕ ಓದಬೇಕು.

ಡೆಪ್ಸ್ ಜೇಸನ್ ಕಥೆ ಬೇರೆ. ಅಪ್ಲಿಕೇಶನ್ ನೆಚ್ಚಿಕೊಂಡ ಪ್ಯಾಕೇಜ್, ಫೈಲುಗಳ ಪಟ್ಟಿ ಅದು. ಅದನ್ನು ತೆಗೆದರೂ ಎಷ್ಟೋ ಸಲ ಅಪ್ಲಿಕೇಶನ್ ಓಡುತ್ತದೆ. ಪಟ್ಟಿ ಇಲ್ಲದಿದ್ದರೆ ಹೋಸ್ಟ್ ಫೋಲ್ಡರ್‌ನಲ್ಲಿರುವ ಡಿಎಲ್‌ಎಲ್‌ಗಳನ್ನೆಲ್ಲಾ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸಮಸ್ಯೆ ಬರುವುದು ಒಳಗಿನ ‘ರನ್‌ಟೈಮ್ಸ್’ ಫೋಲ್ಡರ್‌ನಲ್ಲಿ ಬೇರೆ ಬೇರೆ ಯಂತ್ರಗಳಿಗೆ ಅಂತ ಫೈಲುಗಳಿದ್ದಾಗ, ಉದಾಹರಣೆಗೆ ಡೇಟಾಬೇಸ್ ಲೈಬ್ರರಿಯ ಫೈಲುಗಳು. ಅಲ್ಲಿರುವುದರಲ್ಲಿ ಈ ಯಂತ್ರಕ್ಕೆ ಯಾವುದು ಅಂತ ಹೇಳುವುದು ಈ ಪಟ್ಟಿಯೇ. ಹಾಗಾಗಿ ಇಲ್ಲದಿದ್ದರೆ ಅಪ್ಲಿಕೇಶನ್ ಚೆನ್ನಾಗೇ ಶುರುವಾಗುತ್ತದೆ, ಡೇಟಾಬೇಸ್ ಮುಟ್ಟಿದ ಕ್ಷಣ ಬೀಳುತ್ತದೆ. ಶುರುವಾಗುವಾಗಲೇ ಬೀಳುವ ತಪ್ಪು ಒಳ್ಳೆಯದು. ಆಮೇಲೆ ಬೀಳುವುದು ಕೆಟ್ಟದ್ದು.

ನನಗೆ ಡೆಪ್ಸ್ ಜೇಸನ್ ಇನ್ನೊಂದು ಕಾರಣಕ್ಕೂ ಇಷ್ಟ. ಅದು ಮನುಷ್ಯರು ಓದಬಹುದಾದ ಫೈಲು. ಫೋಲ್ಡರ್‌ನಲ್ಲಿ ಪರಿಚಯವಿಲ್ಲದ ಡಿಎಲ್‌ಎಲ್ ಕಂಡರೆ ನಾನು ಮೊದಲು ಈ ಫೈಲ್ ತೆರೆದು ಆ ಹೆಸರು ಹುಡುಕುತ್ತೇನೆ. ಯಾವ ಪ್ಯಾಕೇಜ್, ಯಾವ ಆವೃತ್ತಿ, ಆ ಪ್ಯಾಕೇಜ್ ಇನ್ಯಾವುದನ್ನು ನೆಚ್ಚಿಕೊಂಡಿದೆ, ಎಲ್ಲಾ ಅಲ್ಲೇ ಇದೆ.

ಈಗ ಪಿಡಿಬಿ, ಅಂದರೆ ಡೀಬಗ್ ಮಾಹಿತಿಯ ಫೈಲು. ಇದರ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ: ಇಟ್ಟುಕೊಳ್ಳಿ. ಪಿಡಿಬಿ ಇಲ್ಲದಿದ್ದರೂ ಅಪ್ಲಿಕೇಶನ್ ಓಡುತ್ತದೆ, ನಿಜ. ಆದರೆ ರಾತ್ರಿ ಹೊತ್ತು ಏನಾದರೂ ಬಿದ್ದಾಗ ಲಾಗ್‌ನಲ್ಲಿ ಯಾವ ಫೈಲು, ಯಾವ ಸಾಲು ಅಂತ ತೋರಿಸುವುದು ಇದೇ. ಇಲ್ಲದಿದ್ದರೆ ಮೆಥಡ್ ಹೆಸರು ಮಾತ್ರ ಸಿಗುತ್ತದೆ. ಇನ್ನೂರು ಸಾಲಿನ ಮೆಥಡ್ ಆಗಿದ್ದರೆ ಆ ಹೆಸರು ಇಟ್ಟುಕೊಂಡು ಏನು ಮಾಡುವುದು? ಪಿಡಿಬಿ ಇದ್ದರೆ ನಿಧಾನವಾಗುತ್ತದೆ ಅನ್ನುವ ಮಾತನ್ನೂ ಕೇಳಿದ್ದೇನೆ. ಸ್ಟ್ಯಾಕ್ ಟ್ರೇಸ್ (ದೋಷ ಬಂದಾಗ ಯಾವ ಯಾವ ಮೆಥಡ್ ಓಡುತ್ತಿತ್ತು ಅನ್ನುವ ಪಟ್ಟಿ) ಬರೆಯುವಾಗಲೋ ಡೀಬಗರ್ ಹಚ್ಚಿದಾಗಲೋ ಓದಿಕೊಳ್ಳುವ ಫೈಲು ಅದು. ಉಳಿದ ಹೊತ್ತು ಸುಮ್ನೆ ಇರುತ್ತದೆ. ಅದರೊಳಗೆ ಬಿಲ್ಡ್ ಆದ ಯಂತ್ರದ ಫೋಲ್ಡರ್ ದಾರಿಗಳು ಇರುತ್ತವೆ. ಅಪ್ಲಿಕೇಶನ್ ನೇರವಾಗಿ ಹೊರಗಿನವರ ಕೈಗೆ ಹೋಗುತ್ತದೆ, ಆ ದಾರಿಗಳು ಕಾಣಬಾರದು ಅನ್ನುವುದಾದರೆ ಮಾತ್ರ ಪಿಡಿಬಿಯನ್ನು ಬೇರೆ ತೆಗೆದಿಡಿ. ಅಳಿಸಬೇಡಿ, ತೆಗೆದಿಡಿ. ಪಿಡಿಬಿ ಅದೇ ಬಿಲ್ಡ್‌ನ ಡಿಎಲ್‌ಎಲ್‌ಗೆ ಮಾತ್ರ ಹೊಂದುತ್ತದೆ. ನಾಳೆ ಇನ್ನೊಂದು ಸಲ ಬಿಲ್ಡ್ ಮಾಡಿ ಅದರ ಪಿಡಿಬಿ ತಂದಿಟ್ಟರೆ ಹೊಂದುತ್ತದೆ ಅಂತ ನೆಚ್ಚಿಕೊಳ್ಳುವ ಹಾಗಿಲ್ಲ. ಫೈಲುಗಳ ಸಂಖ್ಯೆ ಕಣ್ಣಿಗೆ ಚುಚ್ಚುತ್ತಿದ್ದರೆ ‘ಡೀಬಗ್‌ಟೈಪ್’ ಅನ್ನು ‘ಎಂಬೆಡೆಡ್’ ಮಾಡಿ. ಮಾಹಿತಿ ಡಿಎಲ್‌ಎಲ್ ಒಳಗೇ ಸೇರಿಕೊಳ್ಳುತ್ತದೆ.

ನಿಜವಾದ ದಪ್ಪ ಎಲ್ಲಿಂದ ಬರುತ್ತದೆ ಅಂದರೆ, ಭಾಷೆಗಳಿಂದ.

ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಪಬ್ಲಿಶ್ ಫೋಲ್ಡರ್ ನೋಡುತ್ತಾ ಕೇಳಿದಳು, “ಮೇಡಂ, ಈ ‘ಸಿಎಸ್’ ಅನ್ನೋ ಫೋಲ್ಡರ್ ಅಂದ್ರೆ ಸಿ ಶಾರ್ಪ್ ಕೋಡ್ ಅಲ್ವಾ? ಅದನ್ನ ಸರ್ವರ್‌ಗೆ ಯಾಕೆ ಕಳಿಸ್ತೀವಿ?”

ಒಳ್ಳೆಯ ಪ್ರಶ್ನೆ. ಪಕ್ಕದ ಫೋಲ್ಡರ್‌ಗಳನ್ನೂ ಓದು ಅಂದೆ. ಡಿಇ, ಇಎಸ್, ಎಫ್‌ಆರ್, ಐಟಿ, ಜೆಎ, ಕೆಒ, ಪಿಎಲ್, ಪಿಟಿ-ಬಿಆರ್, ಆರ್‌ಯು, ಟಿಆರ್, ಆಮೇಲೆ ಚೀನೀ ಭಾಷೆಯ ಎರಡು ಲಿಪಿಗಳಿಗೆ ಎರಡು. ಓದುತ್ತಾ ಓದುತ್ತಾ ಅವಳಿಗೇ ಹೊಳೆಯಿತು. ಸಿಎಸ್ ಅಂದರೆ ಚೆಕ್ ಭಾಷೆ. ಒಟ್ಟು 13 ಫೋಲ್ಡರ್. ಪ್ರತಿಯೊಂದರಲ್ಲೂ ಅದೇ ಹೆಸರಿನ ಫೈಲುಗಳು: ‘ಮೈಕ್ರೋಸಾಫ್ಟ್ ಕೋಡ್‌ಅನಾಲಿಸಿಸ್ ರಿಸೋರ್ಸಸ್ ಡಿಎಲ್‌ಎಲ್’, ‘ಮೈಕ್ರೋಸಾಫ್ಟ್ ಕೋಡ್‌ಅನಾಲಿಸಿಸ್ ಸಿಶಾರ್ಪ್ ರಿಸೋರ್ಸಸ್ ಡಿಎಲ್‌ಎಲ್’, ಹೀಗೆ. ಫೋಲ್ಡರ್‌ಗೆ ನಾಲ್ಕೇ ಇದ್ದರೂ 52 ಫೈಲಾಯಿತು.

ಇವುಗಳಲ್ಲಿ ಇರುವುದು ಕಂಪೈಲರ್‌ನ ದೋಷ ಸಂದೇಶಗಳ ಅನುವಾದ. ಸೆಮಿಕೋಲನ್ ಬಿಟ್ಟಿದ್ದೀರಿ ಅನ್ನುವ ಸಂದೇಶ ಜಪಾನಿ ಭಾಷೆಯಲ್ಲಿ. ನಮ್ಮ ಸರ್ವರ್ ಮೇಲೆ ಯಾರೂ ಸಿ ಶಾರ್ಪ್ ಕಂಪೈಲ್ ಮಾಡುವುದಿಲ್ಲ. ಹಾಗಾದರೆ ಇಲ್ಲಿ ಕಂಪೈಲರ್‌ಗೆ ಏನು ಕೆಲಸ?

ಡೆಪ್ಸ್ ಜೇಸನ್ ತೆರೆದೆವು. ಕೋಡ್‌ಅನಾಲಿಸಿಸ್ ಅಂದರೆ ರಾಸ್ಲಿನ್, ಅಂದರೆ ಸಿ ಶಾರ್ಪ್ ಕಂಪೈಲರ್ ತಾನೇ. ಅದನ್ನು ಕೇಳಿದ್ದು ‘ವೆಬ್ ಕೋಡ್‌ಜನರೇಶನ್ ಡಿಸೈನ್’ ಅನ್ನುವ ಪ್ಯಾಕೇಜ್. ಕಂಟ್ರೋಲರ್, ವ್ಯೂಗಳನ್ನು ತಾನೇ ಬರೆದುಕೊಡುವ ಸ್ಕ್ಯಾಫೋಲ್ಡಿಂಗ್ ಸೌಲಭ್ಯ ಇದೆಯಲ್ಲ, ಅದನ್ನು ಒಮ್ಮೆ ಬಳಸಿದರೆ ಸಾಕು, ಈ ಪ್ಯಾಕೇಜ್ ಪ್ರಾಜೆಕ್ಟ್ ಫೈಲ್‌ಗೆ ಸೇರಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೂ ಅಲ್ಲೇ ಉಳಿಯುತ್ತದೆ. ಡೆವಲಪರ್ ಯಂತ್ರದಲ್ಲಿ ಮಾತ್ರ ಬೇಕಾದ ಪ್ಯಾಕೇಜ್ ಇದು ಅಂತ ಪಬ್ಲಿಶ್‌ಗೆ ಹೇಗೆ ಗೊತ್ತಾಗಬೇಕು? ನಾವೇ ಹೇಳಬೇಕು. ಪ್ಯಾಕೇಜ್ ಸಾಲಿನಲ್ಲಿ ‘ಪ್ರೈವೇಟ್‌ಅಸೆಟ್ಸ್’ ಅನ್ನು ‘ಆಲ್’ ಅಂತ ಕೊಟ್ಟರೆ ಅದು ಪಬ್ಲಿಶ್‌ಗೆ ಬರುವುದಿಲ್ಲ. ಡೇಟಾಬೇಸ್ ಕೆಲಸಕ್ಕೆ ಬಳಸುವ ಎಂಟಿಟಿ ಫ್ರೇಮ್‌ವರ್ಕ್‌ನ ‘ಡಿಸೈನ್’ ಪ್ಯಾಕೇಜನ್ನು ಕಮಾಂಡ್ ಮೂಲಕ ಸೇರಿಸಿದರೆ ಈ ಗುರುತು ತಾನಾಗೇ ಬರುತ್ತದೆ, ಯಾಕೆಂದರೆ ಅದನ್ನು ಅಭಿವೃದ್ಧಿಗೆ ಮಾತ್ರ ಅಂತ ಘೋಷಿಸಿದ್ದಾರೆ. ಸ್ಕ್ಯಾಫೋಲ್ಡಿಂಗ್ ಪ್ಯಾಕೇಜ್‌ಗೆ ಆ ಗುರುತು ಕಾಣಲಿಲ್ಲ. ನಾವು ಗುರುತು ಹಾಕುವ ಬದಲು ಆ ಸಾಲನ್ನೇ ತೆಗೆದೆವು. ಸ್ಕ್ಯಾಫೋಲ್ಡಿಂಗ್ ಮತ್ತೆ ಬೇಕಾದರೆ ಮತ್ತೆ ಸೇರಿಸಿದರಾಯಿತು. 13 ಫೋಲ್ಡರ್ ಹೋದವು. ಅವುಗಳ ಜೊತೆ ಹಲವು ಎಂಬಿ ತೂಗುವ ರಾಸ್ಲಿನ್ ಡಿಎಲ್‌ಎಲ್‌ಗಳೂ ಹೋದವು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಭಾಷೆಯ ಫೋಲ್ಡರ್ ಬೇಡ ಅಂತ ಹುಡುಕಿದರೆ ಮೊದಲು ಸಿಗುವ ಉತ್ತರ ‘ಸ್ಯಾಟಲೈಟ್‌ರಿಸೋರ್ಸ್‌ಲ್ಯಾಂಗ್ವೇಜಸ್’ ಅನ್ನುವ ಸೆಟ್ಟಿಂಗ್. ಅದಕ್ಕೆ ‘ಇಎನ್’ ಅಂತ ಕೊಟ್ಟರೆ ಪ್ಯಾಕೇಜ್‌ಗಳಿಂದ ಬರುವ ಬೇರೆ ಭಾಷೆಯ ಫೋಲ್ಡರ್‌ಗಳು ಮಾಯ. ಇಂಗ್ಲಿಷ್ ಸಂದೇಶಗಳು ಮುಖ್ಯ ಡಿಎಲ್‌ಎಲ್‌ನಲ್ಲೇ ಇರುತ್ತವೆ, ಹಾಗಾಗಿ ತೊಂದರೆಯಿಲ್ಲ. ತುಂಬಾ ಒಳ್ಳೆಯ ಸೆಟ್ಟಿಂಗ್, ನಾನೂ ಬಳಸುತ್ತೇನೆ. ಆದರೆ ನಮ್ಮ ಈ ಪ್ರಾಜೆಕ್ಟ್‌ನಲ್ಲಿ ಅದನ್ನು ಹಾಕಿದ್ದರೆ ಅನುವಾದಗಳು ಮಾತ್ರ ಹೋಗಿ ಕಂಪೈಲರ್ ಅಲ್ಲೇ ಉಳಿಯುತ್ತಿತ್ತು. ಕಣ್ಣಿಗೆ ಕಾಣುವ ಕಸ ಹೋಯಿತು ಅಂತ ಸಮಾಧಾನ ಮಾಡಿಕೊಂಡು ಅಲ್ಲಿಗೇ ಬಿಡುತ್ತಿದ್ದೆವು. ಯಾರು ತಂದರು ಅನ್ನುವ ಪ್ರಶ್ನೆ ಮೊದಲು, ಹೇಗೆ ತೆಗೆಯುವುದು ಅನ್ನುವುದು ಆಮೇಲೆ.

ಎರಡನೇ ದಪ್ಪ ‘ರನ್‌ಟೈಮ್ಸ್’ ಫೋಲ್ಡರ್. ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಬಳಸುವ ಪ್ರಾಜೆಕ್ಟ್‌ನಲ್ಲಿ ಇದನ್ನು ತೆರೆದು ನೋಡಿ. ವಿಂಡೋಸ್‌ಗೆ ಬೇರೆ ಬೇರೆ ಪ್ರೊಸೆಸರ್‌ಗಳ ಫೋಲ್ಡರ್‌ಗಳು. ಮ್ಯಾಕ್‌ಗೆ ಇಂಟೆಲ್ ಒಂದು, ಆರ್ಮ್ ಒಂದು. ಲಿನಕ್ಸ್‌ಗೆ ಎಕ್ಸ್64, ಆರ್ಮ್, ಆರ್ಮ್64, ಮಿಪ್ಸ್64, ಜೊತೆಗೆ ಐಬಿಎಂ ಮೇನ್‌ಫ್ರೇಮ್‌ನ ಎಸ್390ಎಕ್ಸ್ ಕೂಡ. ಬ್ರೌಸರ್ ಒಳಗೆ ಓಡುವ ವೆಬ್‌ಅಸೆಂಬ್ಲಿಗೂ ಒಂದು. ಎಲ್ಲದರಲ್ಲೂ ಇರುವುದು ಒಂದೇ ಎಸ್‌ಕ್ಯೂಲೈಟ್ ಲೈಬ್ರರಿ, ಬೇರೆ ಬೇರೆ ಯಂತ್ರಕ್ಕೆ ಕಂಪೈಲ್ ಮಾಡಿದ್ದು. ನಮ್ಮ ಸರ್ವರ್ ಒಂದೇ ಥರದ್ದು. ಅಂದರೆ ಇಷ್ಟರಲ್ಲಿ ಒಂದು ಬಿಟ್ಟು ಉಳಿದದ್ದನ್ನು ಯಾರೂ ಎಂದೂ ಓದುವುದಿಲ್ಲ.

ಆದರೆ ಇದನ್ನು ಪಬ್ಲಿಶ್‌ನ ತಪ್ಪು ಅನ್ನಲಾರೆ. ಎಲ್ಲಿ ಓಡುತ್ತದೆ ಅಂತ ನಾವು ಹೇಳಲಿಲ್ಲ, ಅದು ಎಲ್ಲಾ ಕಡೆಗೂ ಸಿದ್ಧವಾಯಿತು. ಊರು ಹೇಳದೆ ಪ್ರಯಾಣಕ್ಕೆ ಪೆಟ್ಟಿಗೆ ಕಟ್ಟು ಅಂದರೆ ಸ್ವೆಟರು, ಕೊಡೆ ಎರಡನ್ನೂ ತುಂಬಬೇಕಾಗುತ್ತದೆ. ಹಾಗಾಗಿ ಊರು ಹೇಳಿ. ರನ್‌ಟೈಮ್ ಗುರುತಿನ ಆಯ್ಕೆಗೆ ‘ಲಿನಕ್ಸ್-ಎಕ್ಸ್64’ ಅಂತ ಕೊಟ್ಟರೆ ಆ ಫೋಲ್ಡರ್‌ಗಳೆಲ್ಲಾ ಹೋಗಿ, ಬೇಕಾದ ಒಂದೇ ಒಂದು ಲೈಬ್ರರಿ ನಮ್ಮ ಡಿಎಲ್‌ಎಲ್ ಪಕ್ಕಕ್ಕೆ ಬಂದು ಕೂರುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಆಲ್ಪೈನ್ ಕಂಟೇನರ್ ಬಳಸುವವರು ‘ಲಿನಕ್ಸ್-ಮಸಲ್-ಎಕ್ಸ್64’ ಕೊಡಬೇಕು. ಆಲ್ಪೈನ್‌ನಲ್ಲಿರುವುದು ಮಸಲ್ ಅನ್ನುವ ಸಿ ಲೈಬ್ರರಿ, ಬೇರೆ ಲಿನಕ್ಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಜಿಲಿಬ್‌ಸಿ. ಒಂದಕ್ಕೆ ಕಂಪೈಲ್ ಆದದ್ದು ಇನ್ನೊಂದರಲ್ಲಿ ಓಡುತ್ತದೆ ಅಂತ ನಂಬುವ ಹಾಗಿಲ್ಲ. ಕೈಯಾರೆ ಫೋಲ್ಡರ್ ಅಳಿಸುವವರು ‘ಮಸಲ್’ ಅಂದರೆ ಏನೋ ಗೊತ್ತಿಲ್ಲ, ಬೇಡದ್ದಿರಬೇಕು ಅಂತ ಅದನ್ನೇ ಮೊದಲು ಅಳಿಸುತ್ತಾರೆ. ಎರಡು, ಹಳೆಯ ಎಸ್‌ಡಿಕೆಗಳಲ್ಲಿ ರನ್‌ಟೈಮ್ ಗುರುತು ಕೊಟ್ಟರೆ ಇಡೀ ಡಾಟ್‌ನೆಟ್ ರನ್‌ಟೈಮ್ ಕೂಡ ಜೊತೆಗೆ ಬಂದುಬಿಡುತ್ತಿತ್ತು. ಡಾಟ್‌ನೆಟ್ 8ರ ಪ್ರಾಜೆಕ್ಟ್‌ಗಳಿಂದ ಹಾಗಿಲ್ಲ. ಕೇಳಿದರೆ ಮಾತ್ರ ಬರುತ್ತದೆ. ಹಳೆಯ ಆವೃತ್ತಿಯಲ್ಲಿರುವವರು ‘ಸೆಲ್ಫ್-ಕಂಟೇನ್ಡ್ ಫಾಲ್ಸ್’ ಅಂತ ಬಾಯಿಬಿಟ್ಟು ಹೇಳಬೇಕು. ಫೋಲ್ಡರ್ ಚಿಕ್ಕದು ಮಾಡಲು ಹೋಗಿ ದೊಡ್ಡದು ಮಾಡಿಕೊಂಡವರು ಬಹಳ ಜನ.

ಡಾಟ್‌ನೆಟ್ 8 ಇನ್ನೊಂದು ಒಳ್ಳೆಯ ಕೆಲಸ ಮಾಡಿತು. ಅಲ್ಲಿಯವರೆಗೆ ಏನೂ ಹೇಳದೆ ಪಬ್ಲಿಶ್ ಮಾಡಿದರೆ ತಪ್ಪು ಹುಡುಕಲು ಮಾಡುವ ಡೀಬಗ್ ಬಿಲ್ಡ್ ಹೋಗುತ್ತಿತ್ತು. ಈಗ ಬಳಕೆಗೆ ಅಂತಲೇ ಮಾಡುವ ರಿಲೀಸ್ ಹೋಗುತ್ತದೆ. ಇದು ತುಂಬಾ ಮುಂಚೆಯೇ ಆಗಬೇಕಿತ್ತು ಅನ್ನುವುದು ನನ್ನ ಅನಿಸಿಕೆ. ಪಬ್ಲಿಶ್ ಅಂದ ಮೇಲೆ ಡೀಬಗ್ ಯಾರಿಗೆ ಬೇಕು?

ವೆಬ್ ಕಾನ್ಫಿಗ್ ಅನ್ನುವ ಫೈಲ್‌ನ ವಿಷಯ ಚಿಕ್ಕದು, ಆದರೆ ಮುಖ್ಯ. ಅದು ವಿಂಡೋಸ್‌ನ ಐಐಎಸ್ ಸರ್ವರ್‌ಗಾಗಿ ಇರುವುದು. ಲಿನಕ್ಸ್ ಮೇಲೆ ಡಾಟ್‌ನೆಟ್‌ನದೇ ವೆಬ್ ಸರ್ವರ್ ಕೆಸ್ಟ್ರೆಲ್ ಓಡಿಸಿ ಮುಂದೆ ಎನ್‌ಜಿನ್ಎಕ್ಸ್ ಅನ್ನುವ ಇನ್ನೊಂದು ಸರ್ವರ್ ಇಟ್ಟವರಿಗೆ ಅದರಿಂದ ಯಾವ ಉಪಯೋಗವೂ ಇಲ್ಲ. ‘ಈಸ್‌ಟ್ರಾನ್ಸ್‌ಫಾರ್ಮ್‌ವೆಬ್‌ಕಾನ್ಫಿಗ್‌ಡಿಸೇಬಲ್ಡ್’ ಅನ್ನುವ ಉದ್ದದ ಸೆಟ್ಟಿಂಗನ್ನು ಟ್ರೂ ಮಾಡಿದರೆ ಅದು ಹುಟ್ಟುವುದಿಲ್ಲ. ಐಐಎಸ್‌ನಲ್ಲಿ ಇರುವವರು ಮಾತ್ರ ಅದನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಅಪ್ಲಿಕೇಶನ್ ಶುರು ಮಾಡುವುದಷ್ಟೇ ಅದರ ಕೆಲಸ ಅಲ್ಲ. ಅದು ಇದ್ದಾಗ ಐಐಎಸ್ ನಮ್ಮ ರನ್‌ಟೈಮ್‌ಕಾನ್ಫಿಗ್, ಡೆಪ್ಸ್ ಮುಂತಾದ ಒಳಗಿನ ಫೈಲುಗಳನ್ನು ಹೊರಗಿನವರು ಕೇಳಿದರೂ ಕೊಡುವುದಿಲ್ಲ. ಅದನ್ನು ತೆಗೆದರೆ ಆ ಕಾವಲು ಹೋಗುತ್ತದೆ.

ಈಗ ನನಗೆ ನಿಜವಾಗಿ ಬೇಸರ ತರುವ ವಿಷಯ. ‘ಆ್ಯಪ್‌ಸೆಟ್ಟಿಂಗ್ಸ್ ಡೆವಲಪ್‌ಮೆಂಟ್ ಜೇಸನ್’.

ವೆಬ್ ಪ್ರಾಜೆಕ್ಟ್‌ಗಳ ಎಸ್‌ಡಿಕೆಗೆ ಒಂದು ನಿಯಮವಿದೆ. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಇರುವ ಜೇಸನ್ ಫೈಲು, ಕಾನ್ಫಿಗ್ ಫೈಲು, ‘ಡಬ್ಲ್ಯುಡಬ್ಲ್ಯುಡಬ್ಲ್ಯುರೂಟ್’ ಒಳಗಿನದ್ದೆಲ್ಲಾ ಪಬ್ಲಿಶ್‌ಗೆ ಹೋಗಬೇಕು ಅಂತ. ಡೆವಲಪ್‌ಮೆಂಟ್ ಸೆಟ್ಟಿಂಗ್ಸ್ ಕೂಡ ಜೇಸನ್ ತಾನೇ, ಹೋಗುತ್ತದೆ. ಸರ್ವರ್ ಪ್ರೊಡಕ್ಷನ್ ಮೋಡ್‌ನಲ್ಲಿ ಇದ್ದರೆ ಅದನ್ನು ಯಾರೂ ಓದುವುದಿಲ್ಲ, ನಿಜ. ಆದರೆ ಅದರಲ್ಲಿ ಏನಿರುತ್ತದೆ? ಡೆವಲಪರ್ ಡೇಟಾಬೇಸ್‌ನ ವಿಳಾಸ, ಕೆಲವೊಮ್ಮೆ ಪಾಸ್‌ವರ್ಡ್, ಎಲ್ಲವನ್ನೂ ಬರೆಯುವ ಲಾಗ್ ಮಟ್ಟ. ನಾಳೆ ಯಾರಾದರೂ ಸರ್ವರ್‌ನ ಪರಿಸರದ ವೇರಿಯಬಲ್ ಬದಲಿಸಿದರೆ ಅದೇ ಫೈಲು ಜೀವ ಪಡೆಯುತ್ತದೆ. ಇಡೀ ಫೋಲ್ಡರ್‌ನಲ್ಲಿ ಜಾಗಕ್ಕಾಗಿ ಅಲ್ಲ, ಅಪಾಯಕ್ಕಾಗಿ ತೆಗೆಯಬೇಕಾದ ಫೈಲು ಇದು. ಬೇಡದ ಫೈಲು ಅಂದ ತಕ್ಷಣ ಎಲ್ಲರೂ ಎಂಬಿ ಲೆಕ್ಕ ಹಾಕುತ್ತಾರೆ. ಒಂದು ಕೆಬಿಯೂ ಇಲ್ಲದ ಈ ಫೈಲು ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ.

ತೆಗೆಯುವುದು ಸುಲಭ. ಪ್ರಾಜೆಕ್ಟ್ ಫೈಲ್‌ನಲ್ಲಿ ಅದರ ಹೆಸರಿಗೆ ‘ಕಂಟೆಂಟ್ ಅಪ್‌ಡೇಟ್’ ಅಂತ ಒಂದು ಸಾಲು ಬರೆದು ‘ಕಾಪಿಟುಪಬ್ಲಿಶ್‌ಡೈರೆಕ್ಟರಿ’ಗೆ ‘ನೆವರ್’ ಕೊಡಿ. ಬಿಲ್ಡ್‌ನಲ್ಲಿ ಇರುತ್ತದೆ, ಪಬ್ಲಿಶ್‌ನಲ್ಲಿ ಇರುವುದಿಲ್ಲ. ಗುಟ್ಟಿನ ಮಾಹಿತಿಯನ್ನು ಈ ಫೈಲ್ ಬದಲು ‘ಯೂಸರ್ ಸೀಕ್ರೆಟ್ಸ್’ನಲ್ಲಿ ಇಟ್ಟರೆ ಇನ್ನೂ ವಾಸಿ. ಅದು ಪ್ರಾಜೆಕ್ಟ್ ಫೋಲ್ಡರ್‌ನಿಂದ ಹೊರಗೇ ಇರುವುದರಿಂದ ಪಬ್ಲಿಶ್‌ಗೆ ಬರುವ ಪ್ರಶ್ನೆಯೇ ಇಲ್ಲ. ‘ಲಾಂಚ್‌ಸೆಟ್ಟಿಂಗ್ಸ್ ಜೇಸನ್’ ಬಗ್ಗೆ ಚಿಂತೆ ಬೇಡ. ಅದನ್ನು ಎಸ್‌ಡಿಕೆಯೇ ಹೊರಗಿಡುತ್ತದೆ. ಅದಕ್ಕೆ ಮಾಡಿದ ವಿನಾಯಿತಿ ಇದಕ್ಕೂ ಮಾಡಬಹುದಿತ್ತು ಅಲ್ವಾ?

ಅದೇ ನಿಯಮದ ಇನ್ನೊಂದು ಪರಿಣಾಮ: ಪರೀಕ್ಷೆಗೆ ಅಂತ ಯಾವುದೋ ಉಪಫೋಲ್ಡರ್‌ನಲ್ಲಿ ಇಟ್ಟ ಮಾದರಿ ಡೇಟಾ ಕೂಡ ಜೇಸನ್ ಆಗಿದ್ದರೆ ಸರ್ವರ್‌ಗೆ ಹೋಗುತ್ತದೆ. ಆ ಡೇಟಾದಲ್ಲಿ ನಿಜವಾದ ಗ್ರಾಹಕರ ವಿವರ ಇದ್ದರೆ ಏನು ಗತಿ, ಯೋಚಿಸಿ.

ಎಕ್ಸ್‌ಎಂಎಲ್ ದಾಖಲೆ ಫೈಲುಗಳ ಬಗ್ಗೆ ಒಂದೇ ಮಾತು. ಕೋಡ್ ಟಿಪ್ಪಣಿಗಳಿಂದ ಹುಟ್ಟುವ ಈ ಫೈಲುಗಳು ಓಡಲು ಬೇಕಾಗಿಲ್ಲ. ಆದರೆ ಸ್ವ್ಯಾಗರ್ ಪುಟದಲ್ಲಿ (ಎಪಿಐಗಳನ್ನು ಪಟ್ಟಿ ಮಾಡಿ ತೋರಿಸುವ ಪುಟ) ವಿವರಣೆ ತೋರಿಸಲು ಅದನ್ನು ಓಡುವಾಗ ಓದುವ ವ್ಯವಸ್ಥೆ ಮಾಡಿದ್ದರೆ ಬೇಕು. ನಿಮ್ಮ ಕೋಡ್‌ನಲ್ಲಿ ‘ಇನ್‌ಕ್ಲೂಡ್‌ಎಕ್ಸ್‌ಎಂಎಲ್‌ಕಾಮೆಂಟ್ಸ್’ ಅಂತ ಇದೆಯಾ ನೋಡಿಕೊಂಡು ನಿರ್ಧರಿಸಿ.

ಡಾಟ್‌ನೆಟ್ 9ರಿಂದ ಇನ್ನೊಂದು ಅಪರಿಚಿತ ಫೈಲು ಕಾಣುತ್ತದೆ. ಹೆಸರಿನಲ್ಲಿ ‘ಸ್ಟ್ಯಾಟಿಕ್‌ವೆಬ್‌ಅಸೆಟ್ಸ್ ಎಂಡ್‌ಪಾಯಿಂಟ್ಸ್’ ಅಂತ ಇರುತ್ತದೆ. ನೋಡಿದರೆ ಬಿಲ್ಡ್‌ನ ಒಳಗಿನ ಟಿಪ್ಪಣಿ ಅನ್ನಿಸುತ್ತದೆ. ಸ್ಟೈಲ್‌ಶೀಟ್, ಸ್ಕ್ರಿಪ್ಟ್‌ನಂಥ ಸ್ಥಿರ ಫೈಲುಗಳನ್ನು ಬ್ರೌಸರ್‌ಗೆ ಕೊಡಲು ‘ಮ್ಯಾಪ್‌ಸ್ಟ್ಯಾಟಿಕ್‌ಅಸೆಟ್ಸ್’ ಬಳಸುವ ಅಪ್ಲಿಕೇಶನ್‌ಗೆ ಅದು ಬೇಕೇ ಬೇಕು. ಸ್ಟೈಲ್‌ಶೀಟ್, ಸ್ಕ್ರಿಪ್ಟ್ ಪಕ್ಕದಲ್ಲಿ ಕಾಣುವ ಬಿಆರ್, ಜಿಜೆಡ್ ಬಾಲದ ಫೈಲುಗಳೂ ನಕಲಿನ ಕಸ ಅಲ್ಲ. ಪಬ್ಲಿಶ್ ಸಮಯದಲ್ಲೇ ಕುಗ್ಗಿಸಿಟ್ಟ ಪ್ರತಿಗಳು ಅವು. ಬ್ರೌಸರ್ ಕೇಳಿದಾಗ ಸರ್ವರ್ ಮತ್ತೆ ಕುಗ್ಗಿಸುವ ಶ್ರಮ ತಪ್ಪುತ್ತದೆ. ಫೋಲ್ಡರ್ ಸ್ವಲ್ಪ ದಪ್ಪವಾದರೂ ಬಳಸುವವರಿಗೆ ಪುಟ ಬೇಗ ಸಿಗುತ್ತದೆ. ನನ್ನ ಮಟ್ಟಿಗೆ ಇದು ಒಳ್ಳೆಯ ವ್ಯಾಪಾರ.

ಪಬ್ಲಿಶ್‌ಗೆ ನಾನು ಅಂಕ ಕಡಿಮೆ ಕೊಡುವುದು ಹಳೆಯ ಫೈಲುಗಳ ವಿಷಯದಲ್ಲಿ. ಅದು ಫೋಲ್ಡರನ್ನು ಖಾಲಿ ಮಾಡಿ ತುಂಬುವುದಿಲ್ಲ. ಇದ್ದದ್ದರ ಮೇಲೇ ತುಂಬುತ್ತದೆ. ಕಳೆದ ತಿಂಗಳು ಒಂದು ಪ್ಯಾಕೇಜ್ ತೆಗೆದಿರಿ ಅಂದುಕೊಳ್ಳಿ. ಅದರ ಡಿಎಲ್‌ಎಲ್ ಹಳೆಯ ಪಬ್ಲಿಶ್ ಫೋಲ್ಡರ್‌ನಲ್ಲಿ ಇನ್ನೂ ಕೂತಿರುತ್ತದೆ. ಪ್ರಾಜೆಕ್ಟ್ ಫೈಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಡೆಪ್ಸ್ ಜೇಸನ್‌ನಲ್ಲೂ ಇಲ್ಲ, ಫೋಲ್ಡರ್‌ನಲ್ಲಿ ಮಾತ್ರ ಇದೆ. ಇಂಥ ಫೈಲು ಕಂಡರೆ ಅದಕ್ಕೆ ವಾರಸುದಾರರಿಲ್ಲ ಅಂತಲೇ ಅರ್ಥ. ಪಬ್ಲಿಶ್‌ಗೆ ಮುಂಚೆ ಫೋಲ್ಡರ್ ಅಳಿಸುವ ಒಂದು ಸಾಲನ್ನು ಸ್ಕ್ರಿಪ್ಟ್‌ಗೆ ಸೇರಿಸಿ. ಪ್ರತಿ ಸಲ ಹೊಸ ಕಂಟೇನರ್‌ನಲ್ಲಿ ಬಿಲ್ಡ್ ಮಾಡುವವರಿಗೆ ಈ ತಲೆನೋವಿಲ್ಲ.

ಇದಕ್ಕಿಂತ ವಿಚಿತ್ರವಾದದ್ದು ಫೋಲ್ಡರ್ ಒಳಗೆ ಫೋಲ್ಡರ್. ವೆಬ್ ಪ್ರಾಜೆಕ್ಟ್ ಒಳಗೇ ‘ಪಬ್ಲಿಶ್’ ಅಂತ ಔಟ್‌ಪುಟ್ ಜಾಗ ಕೊಟ್ಟರೆ ಮೊದಲ ಸಲ ಎಲ್ಲಾ ಸರಿ. ಎರಡನೇ ಸಲ ಓಡಿಸಿದಾಗ ಆ ಜೇಸನ್ ನಿಯಮ ಮತ್ತೆ ಬರುತ್ತದೆ. ಮೊದಲ ಪಬ್ಲಿಶ್‌ನ ಜೇಸನ್, ಕಾನ್ಫಿಗ್ ಫೈಲುಗಳು ಕೂಡ ಈಗ ಪ್ರಾಜೆಕ್ಟ್ ಒಳಗೇ ಇವೆಯಲ್ಲ! ಅವು ಪಬ್ಲಿಶ್ ಒಳಗಿನ ಪಬ್ಲಿಶ್‌ಗೆ ಹೋಗುತ್ತವೆ. ಮೈಕ್ರೋಸಾಫ್ಟ್‌ನ ದಾಖಲೆಯಲ್ಲೇ ಇದನ್ನು ಬರೆದು, ಪರಿಹಾರವನ್ನೂ ಹೇಳಿದ್ದಾರೆ: ಔಟ್‌ಪುಟ್ ಜಾಗವನ್ನು ಪ್ರಾಜೆಕ್ಟ್‌ನಿಂದ ಹೊರಗಿಡಿ, ಇಲ್ಲವೇ ‘ಡೀಫಾಲ್ಟ್‌ಐಟಂಎಕ್ಸ್‌ಕ್ಲೂಡ್ಸ್’ಗೆ ಆ ಫೋಲ್ಡರ್ ಸೇರಿಸಿ. ನಾನು ಹೊರಗಿಡುವುದನ್ನೇ ಹೇಳುತ್ತೇನೆ. ಸೊಲ್ಯೂಶನ್ ಫೈಲ್ ಕೊಟ್ಟು ಎಲ್ಲಾ ಪ್ರಾಜೆಕ್ಟ್‌ಗಳನ್ನೂ ಒಂದೇ ಜಾಗಕ್ಕೆ ಸುರಿಯುವುದೂ ಇದೇ ಥರದ ಗೊಂದಲ. ಅದಕ್ಕೆ ಈಗಿನ ಎಸ್‌ಡಿಕೆ ತಕರಾರು ಎತ್ತುತ್ತದೆ. ಆ ತಕರಾರನ್ನು ಗಂಭೀರವಾಗಿ ತೆಗೆದುಕೊಳ್ಳಿ. ಪಬ್ಲಿಶ್ ಆಗಬೇಕಾದ ಪ್ರಾಜೆಕ್ಟ್ ಒಂದನ್ನೇ ಹೆಸರಿಸಿ.

ಸೆಲ್ಫ್-ಕಂಟೇನ್ಡ್, ಸಿಂಗಲ್ ಫೈಲ್, ಟ್ರಿಮ್ಮಿಂಗ್ ಬಗ್ಗೆ ಇಲ್ಲಿ ಜಾಸ್ತಿ ಬರೆಯುವುದಿಲ್ಲ. ಸೆಲ್ಫ್-ಕಂಟೇನ್ಡ್ ಮಾಡಿದರೆ ಇಡೀ ರನ್‌ಟೈಮ್ ಬರುತ್ತದೆ. ಅದರಲ್ಲಿ ವಿಷುವಲ್ ಬೇಸಿಕ್ ಡಿಎಲ್‌ಎಲ್, ಕ್ರಾಶ್ ಆದಾಗ ಮೆಮೊರಿ ಬರೆದಿಡುವ ‘ಕ್ರಿಯೇಟ್‌ಡಂಪ್’ ಎಲ್ಲಾ ಇರುತ್ತವೆ. ಒಂದೊಂದಾಗಿ ಅಳಿಸಲು ಹೋಗಬೇಡಿ. ಸಿಂಗಲ್ ಫೈಲ್ ಮಾಡಿದರೆ ಸಂಖ್ಯೆ ಕಡಿಮೆಯಾಗುತ್ತದೆ, ತೂಕ ಇಳಿಯುವುದಿಲ್ಲ. ಬೇಡದ ಡಿಎಲ್‌ಎಲ್ ಒಳಗೇ ಅಡಗಿ ಕೂರುತ್ತದೆ ಅಷ್ಟೇ. ಬಳಸದ ಕೋಡನ್ನು ಕತ್ತರಿಸಿ ತೂಕ ಇಳಿಸುವುದು ಟ್ರಿಮ್ಮಿಂಗ್. ಆದರೆ ರಿಫ್ಲೆಕ್ಷನ್ (ಓಡುವಾಗ ಹೆಸರಿನಿಂದ ಕೋಡ್ ಹುಡುಕಿ ಬಳಸುವುದು) ಮೇಲೆ ನಿಂತ ಕೋಡ್‌ನಲ್ಲಿ ಅದು ಬೇಕಾದ್ದನ್ನೂ ಕತ್ತರಿಸಬಹುದು. ಬಿಲ್ಡ್ ಕೊಡುವ ಟ್ರಿಮ್ ಎಚ್ಚರಿಕೆಗಳನ್ನೆಲ್ಲಾ ಓದುವ ತಾಳ್ಮೆ ಇದ್ದರೆ ಮಾತ್ರ ಆ ದಾರಿ ಹಿಡಿಯಿರಿ. ಇನ್ನು ‘ರೆಡಿಟುರನ್’ ಬೇಗ ಶುರುವಾಗಲು ಇರುವ ಸೌಲಭ್ಯ. ಅದು ಡಿಎಲ್‌ಎಲ್‌ಗಳನ್ನು ಎರಡು ಮೂರು ಪಟ್ಟು ದಪ್ಪ ಮಾಡುತ್ತದೆ. ಫೋಲ್ಡರ್ ಯಾಕೆ ದಪ್ಪವಾಯಿತು ಅಂತ ಹುಡುಕುವವರು ಪ್ರಾಜೆಕ್ಟ್‌ನಲ್ಲಿ ಯಾರಾದರೂ ಅದನ್ನು ಆನ್ ಮಾಡಿದ್ದಾರಾ ಅಂತ ಮೊದಲು ನೋಡಲಿ.

ಯಾರು ತಂದರು ಅನ್ನುವುದನ್ನು ಹುಡುಕಲು ಸಲಕರಣೆಗಳು ಈಗ ಸುಧಾರಿಸಿವೆ. ‘ಡಾಟ್‌ನೆಟ್ ನ್ಯೂಗೆಟ್ ವೈ’ ಅನ್ನುವ ಕಮಾಂಡ್ 8.0.400 ಎಸ್‌ಡಿಕೆಯಿಂದ ಬಂದಿದೆ. ಪ್ಯಾಕೇಜ್ ಹೆಸರು ಕೊಟ್ಟರೆ ಅದು ನಮ್ಮ ಪ್ರಾಜೆಕ್ಟ್‌ಗೆ ಯಾವ ದಾರಿಯಲ್ಲಿ ಬಂತು ಅಂತ ಮರದ ಹಾಗೆ ಬಿಡಿಸಿ ತೋರಿಸುತ್ತದೆ. ಡೆಪ್ಸ್ ಜೇಸನ್‌ನಲ್ಲಿ ಕಣ್ಣು ನೋಯಿಸಿಕೊಂಡು ಹುಡುಕುತ್ತಿದ್ದ ಕೆಲಸ ಒಂದು ಸಾಲಿಗೆ ಇಳಿಯಿತು. ನನಗೆ ಈಚೆಗೆ ಇಷ್ಟವಾದ ಸೇರ್ಪಡೆಗಳಲ್ಲಿ ಇದೂ ಒಂದು. ಪ್ಯಾಕೇಜ್‌ನಿಂದ ಬರದ ಫೈಲು, ಅಂದರೆ ಆ ಜೇಸನ್‌ನಂಥವು, ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ಪಬ್ಲಿಶ್ ಮಾಡುವಾಗ ಬೈನರಿ ಲಾಗ್ (ಬಿಲ್ಡ್‌ನ ವಿವರವಾದ ದಾಖಲೆ) ತೆಗೆದು, ಎಂಎಸ್‌ಬಿಲ್ಡ್ ಸ್ಟ್ರಕ್ಚರ್ಡ್ ಲಾಗ್ ವ್ಯೂವರ್‌ನಲ್ಲಿ ತೆರೆದು, ‘ರಿಸಾಲ್ವ್ಡ್‌ಫೈಲ್‌ಟುಪಬ್ಲಿಶ್’ ಅಂತ ಹುಡುಕಿ. ಪಬ್ಲಿಶ್‌ಗೆ ಹೋದ ಫೈಲುಗಳ ಪಟ್ಟಿ ಅಲ್ಲಿದೆ. ಯಾವ ಹಂತದಲ್ಲಿ ಸೇರಿತು ಅನ್ನುವುದೂ ತಿಳಿಯುತ್ತದೆ.

ಅಂದರೆ ಮಾಹಿತಿ ಎಲ್ಲಾ ಇದೆ. ಪಬ್ಲಿಶ್‌ಗೆ ಗೊತ್ತಿದೆ. ಅದನ್ನು ಕೊನೆಯಲ್ಲಿ ಒಂದು ಪುಟದಲ್ಲಿ ಬರೆದುಕೊಟ್ಟಿದ್ದರೆ, ಇಷ್ಟು ಫೈಲು ನಿಮ್ಮದು, ಇಷ್ಟು ಈ ಪ್ಯಾಕೇಜಿನದು, ಇದು ಈ ನಿಯಮದಿಂದ ಬಂತು ಅಂತ, ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತಿದ್ದೆ. ಈಗ ಐದಕ್ಕೆ ನಾಲ್ಕು. ಹೊಸದಾಗಿ ಕಲಿಯುವವರು ಡೀಫಾಲ್ಟ್ ಸೆಟ್ಟಿಂಗ್‌ಗಳಲ್ಲೇ ಹೋಗಿ, ಡೆವಲಪ್‌ಮೆಂಟ್ ಜೇಸನ್ ಒಂದನ್ನು ಮಾತ್ರ ಹೊರಗಿಟ್ಟರೆ ಸಾಕು. ದೊಡ್ಡ ಪ್ರಾಜೆಕ್ಟ್ ಸಾಕುವವರು ರನ್‌ಟೈಮ್ ಗುರುತು ಕೊಡಲಿ, ಪ್ಯಾಕೇಜ್ ಸಾಲುಗಳನ್ನು ಆಗಾಗ ಓದಲಿ.

ಪಬ್ಲಿಶ್ ಕೊಡದ ಆ ಪುಟವನ್ನು ನಮ್ಮ ತಂಡದಲ್ಲಿ ನಾವೇ ಮಾಡಿಕೊಂಡಿದ್ದೇವೆ. ಪಬ್ಲಿಶ್ ಆದ ತಕ್ಷಣ ಫೋಲ್ಡರ್‌ನ ಫೈಲ್ ಹೆಸರುಗಳನ್ನೆಲ್ಲಾ ಅಕ್ಷರ ಕ್ರಮದಲ್ಲಿ ಒಂದು ಪಠ್ಯ ಫೈಲ್‌ಗೆ ಬರೆಸುತ್ತೇವೆ. ಆ ಪಟ್ಟಿ ಕೋಡ್ ಜೊತೆ ಗಿಟ್‌ನಲ್ಲೇ ಇದೆ. ಹೊಸ ಪಟ್ಟಿ ಹಳೆಯದಕ್ಕೆ ಹೊಂದದಿದ್ದರೆ ಬಿಲ್ಡ್ ನಿಲ್ಲುತ್ತದೆ. ಹೊಸ ಹೆಸರು ಬೇಕಾದ್ದೇ ಆಗಿದ್ದರೆ ಪಟ್ಟಿ ಬದಲಿಸಿ, ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆ ಸೇರಿಸಿಕೊಳ್ಳಿ ಅಂತ ಕೊಡುವ ಕೋರಿಕೆ) ಕಾರಣ ಬರೆಯಬೇಕು. ‘ಸಿಎಸ್’ ಫೋಲ್ಡರ್ ಬಗ್ಗೆ ಕೇಳಿದ ಹುಡುಗಿಯೇ ಈಗ ಆ ಕಾರಣಗಳನ್ನು ಓದಿ ಒಪ್ಪಿಗೆ ಕೊಡುವುದು. “ಪ್ಯಾಕೇಜ್ ಹೊಸ ಆವೃತ್ತಿಗೆ ಬಂತು” ಅಂತ ಮಾತ್ರ ಬರೆದರೆ ಅವಳು ಒಪ್ಪುವುದಿಲ್ಲ. ಆ ಫೈಲನ್ನು ಓಡುವಾಗ ಯಾರು ಓದುತ್ತಾರೆ ಅಂತ ಬರೆಯಬೇಕು.